ಗೌರಿಯ ಜೊತೆ ಮೂರು ದಿನ: ಆಬಿಂಗ್ಡನ್‌ನಿಂದ ಮಾಲ್ವರ್ನ್ ಬೆಟ್ಟದವರೆಗೆ

ಹೋದ ಮೇ ತಿಂಗಳು ಇಂಗ್ಲೆಂಡಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ವೀಸಾ, ವಿಮಾನದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಟ್ಟುಬಿಡೋಣ. ನಾನು ಹೋದದ್ದು ಅಕ್ಕನನ್ನು ನೋಡಲು ಅನ್ನುವುದು ನಿಜ. ಆದರೆ ಅವರ ಗ್ಯಾರೇಜಿನಲ್ಲಿರುವ ಕಾರನ್ನು ನೋಡುವ ಆಸೆ ಅದಕ್ಕಿಂತ ಏನೂ ಕಮ್ಮಿ ಇರಲಿಲ್ಲ.

ಅದು 1966ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ತಲೆ ಮೇಲೆ ಆಕಾಶ. ಹಾಲಿಗೆ ಒಂದು ಹನಿ ಕಾಫಿ ಡಿಕಾಕ್ಷನ್ ಬಿದ್ದಂಥ ಬಿಳಿ ಬಣ್ಣ. ಅದಕ್ಕೇ ಅಕ್ಕ ಅದಕ್ಕೆ ಗೌರಿ ಅಂತ ಹೆಸರಿಟ್ಟಿದ್ದಾಳೆ. ಭಾವ ಆರು ವರ್ಷ ಪ್ರತಿ ಶನಿವಾರ ಅದರ ಕೆಳಗೆ ಮಲಗಿ ರಿಪೇರಿ ಮಾಡಿದ ಗಾಡಿ. ಆ ವಾರದ ಕೊನೆಗೆ ಮಾಲ್ವರ್ನ್ ಬೆಟ್ಟದ ಬುಡದಲ್ಲಿ ಹಳೇ ರೋಡ್‌ಸ್ಟರ್ ಇಟ್ಟುಕೊಂಡವರೆಲ್ಲ ಸೇರುತ್ತಾರಂತೆ. "ಬರ್ತೀಯೇನೋ? ಎರಡೇ ಸೀಟು, ನಿಮ್ಮಕ್ಕ ಈ ಸಲ ನಿನಗೆ ಬಿಟ್ಟುಕೊಟ್ಟಿದ್ದಾಳೆ" ಅಂದರು ಭಾವ. ಕೇಳಬೇಕಾ!

ಶುಕ್ರವಾರ: ಆಬಿಂಗ್ಡನ್, ಬರ್ಫರ್ಡ್, ಆಮೇಲೆ ಮಳೆ

ಬೆಳಗ್ಗೆ ಏಳೂವರೆಗೆ ಅಕ್ಕನ ಊರು ಡಿಡ್‌ಕಾಟ್ ಬಿಟ್ಟೆವು. ಅದಕ್ಕೂ ಮುಂಚೆ ಸಾಮಾನು ಜೋಡಿಸುವುದೇ ಒಂದು ಕೆಲಸವಾಯಿತು. ಡಿಕ್ಕಿಯಲ್ಲಿ ಸ್ಟೆಪ್ನಿ ಮಲಗಿರುತ್ತದೆ, ಟಾಪಿನ ಬಟ್ಟೆ ಮತ್ತು ಕಂಬಿ ಇರುತ್ತವೆ, ಉಳಿದ ಜಾಗದಲ್ಲಿ ಎರಡು ಮೆತ್ತನೆಯ ಬಟ್ಟೆ ಚೀಲ ತುರುಕಬಹುದು ಅಷ್ಟೆ. ನನ್ನ ಚಕ್ರದ ಸೂಟ್‌ಕೇಸ್ ಮನೆಯಲ್ಲೇ ಉಳಿಯಿತು. ಅಕ್ಕ ಕಟ್ಟಿಕೊಟ್ಟ ಪುಳಿಯೋಗರೆ ಡಬ್ಬಿ ಮಾತ್ರ ನನ್ನ ಕಾಲ ಹತ್ತಿರ ಬೆಚ್ಚಗೆ ಕೂತಿತು.

ಭಾವ ಕೀ ತಿರುಗಿಸಿದರು. ಎಂಜಿನ್ ಶುರುವಾಗಲಿಲ್ಲ. ಹಿಂದಿನಿಂದ ಟಕಟಕಟಕಟಕ ಅಂತ ಒಂದು ಸದ್ದು ಬಂತು. ಅವರು ಬೆರಳೆತ್ತಿ "ತಾಳು" ಅಂತ ಸನ್ನೆ ಮಾಡಿದರು. ಸದ್ದು ನಿಧಾನವಾಯಿತು, ಟಕ್... ಟಕ್... ನಿಂತಿತು. ಆಗ ಚೋಕ್ ಎಳೆದು ಸೆಲ್ಫ್ ಹೊಡೆದರು. "ಅದು ಪೆಟ್ರೋಲ್ ಪಂಪು. ಕಾರ್ಬೊರೇಟರ್ ತುಂಬೋವರೆಗೂ ಬಡ್ಕೊಳ್ಳುತ್ತೆ, ತುಂಬಿದ ಮೇಲೆ ಸುಮ್ಮನಾಗುತ್ತೆ. ಈ ಕಾರಲ್ಲಿ ಎಲ್ಲದಕ್ಕಿಂತ ಮುಂಚೆ ಕೇಳಿಸ್ಕೋಬೇಕಾದ ಸದ್ದು ಇದು." ಆಗ ನಾನು ಅದಕ್ಕೆ ಜಾಸ್ತಿ ಗಮನ ಕೊಡಲಿಲ್ಲ.

ಮೊದಲ ನಿಲ್ದಾಣ ಆಬಿಂಗ್ಡನ್. ಹತ್ತಿರವೇ, ಅರ್ಧ ಗಂಟೆ ಸಾಕು. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಪಕ್ಕದ ಆಕ್ಸ್‌ಫರ್ಡ್‌ನಲ್ಲಿ ಶುರುವಾಗಿ 1929ರ ಕೊನೆಗೆ ಈ ಊರಿಗೆ ಬಂದ ಕಂಪನಿ. ಗೌರಿ ಹುಟ್ಟಿದ್ದೂ ಇಲ್ಲೇ. 1980ರ ಅಕ್ಟೋಬರ್‌ನಲ್ಲಿ ಕಾರ್ಖಾನೆ ಮುಚ್ಚಿತು. ಈಗ ಅಲ್ಲಿ ಬೇರೆ ಬೇರೆ ಕಟ್ಟಡಗಳಿವೆ. ಎಂಜಿ ಕಾರ್ ಕ್ಲಬ್ಬಿನ ಕಚೇರಿ ಮಾತ್ರ ಇನ್ನೂ ಅದೇ ಜಾಗಕ್ಕೆ ಅಂಟಿಕೊಂಡಿದೆ, ಹೆಸರು ಕಿಂಬರ್ ಹೌಸ್. ಎಂಜಿಯನ್ನು ಕಟ್ಟಿ ಬೆಳೆಸಿದ ಸೆಸಿಲ್ ಕಿಂಬರ್ ಹೆಸರು.

ಅದರ ಮುಂದೆ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಾಗ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಅಜ್ಜ ಒಬ್ಬರು ನಿಂತರು. ಸುಮ್ನೆ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಾಗಿಲಿಗೂ ಹಿಂದಿನ ಮಡ್‌ಗಾರ್ಡಿಗೂ ನಡುವಿನ ಸಂದಿಯ ಮೇಲೆ ಹೆಬ್ಬೆರಳು ಇಟ್ಟು, ಮೇಲಿಂದ ಕೆಳಗಿನವರೆಗೆ ಮೆಲ್ಲಗೆ ಜಾರಿಸಿದರು. "ಚೆನ್ನಾಗಿ ಕೂರಿಸಿದ್ದೀರಿ" ಅಂದರು. ಎಪ್ಪತ್ತರ ದಶಕದಲ್ಲಿ ಅವರು ಇದೇ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುತ್ತಿದ್ದವರಂತೆ. ದೊಡ್ಡ ಕಾರ್ಖಾನೆ ಅಂದರೆ ಕಾರುಗಳು ಪಟ್ಟಿ ಮೇಲೆ ತಾನಾಗಿ ಸಾಗುತ್ತವೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಹಾಗಿರಲಿಲ್ಲ. ಒಬ್ಬರ ಕೆಲಸ ಮುಗಿದರೆ ಕಾರನ್ನು ಮುಂದಿನವರ ಹತ್ತಿರಕ್ಕೆ ಕೈಯಲ್ಲೇ ತಳ್ಳುತ್ತಿದ್ದರು. 1962ರಿಂದ 1980ರವರೆಗೆ ಎಂಜಿಬಿ, ಅದರ ತಗಡು ಛಾವಣಿಯ ಜಿಟಿ ಎರಡೂ ಸೇರಿ 5 ಲಕ್ಷಕ್ಕೂ ಜಾಸ್ತಿ ಕಾರುಗಳು ಹೀಗೆ ತಳ್ಳಿಸಿಕೊಂಡೇ ಹೊರಗೆ ಬಂದವು. ಹೊರಟಾಗ ಅಜ್ಜ ನಮ್ಮ ಕಾರಿನ ಬೆನ್ನಿಗೆ ಕೈ ಇಟ್ಟು ಎರಡು ಹೆಜ್ಜೆ ತಳ್ಳಿದರು. ಎಂಜಿನ್ ಓಡುತ್ತಿತ್ತು, ತಳ್ಳುವ ಅಗತ್ಯವೇ ಇರಲಿಲ್ಲ. ಭಾವ ಕ್ಲಚ್ ಒತ್ತಿ ಹಿಡಿದು, ಅವರು ಕೈ ತೆಗೆಯುವವರೆಗೆ ಕಾದರು.

ಬರ್ಫರ್ಡ್ ಕಡೆಗೆ ಹೋಗುವ ರಸ್ತೆಯಲ್ಲಿ ನನಗೆ ನಿಜವಾಗಿ ಗೊತ್ತಾಯಿತು, ಟಾಪ್ ಇಲ್ಲದ ಕಾರು ಅಂದರೆ ಏನು ಅಂತ. ಎರಡೂ ಕಡೆ ಸಾಸಿವೆ ಜಾತಿಯ ಹಳದಿ ಹೂವಿನ ಹೊಲ. ಅದರ ವಾಸನೆ ಒಂದು ಹೊಲಕ್ಕೆ ಬಂದು ಮುಂದಿನ ಹೊಲಕ್ಕೆ ಹೋಗುತ್ತದೆ. ತಗ್ಗಿಗೆ ಇಳಿದರೆ ತಣ್ಣಗಿನ ಗಾಳಿ ಮೊಣಕಾಲಿಗೆ ಬಡಿಯುತ್ತದೆ, ದಿಬ್ಬ ಹತ್ತಿದರೆ ಬಿಸಿಲು. ಕುರಿಮರಿ ಕೂಗಿದ್ದೂ ಕೇಳಿಸುತ್ತದೆ. ಗಂಟೆಗೆ 50 ಮೈಲಿಯಲ್ಲಿ ಹೋದರೂ ನೂರು ದಾಟಿದ ಹಾಗೆ ಅನ್ನಿಸುತ್ತದೆ, ಕೂತ ಜಾಗ ನೆಲಕ್ಕೆ ಅಷ್ಟು ಹತ್ತಿರ. ಕಿವಿ ಮುಚ್ಚುವ ಟೋಪಿ ತಗೊಂಡು ಹೋಗಿ, ಮೇ ತಿಂಗಳಾದರೂ ಸರಿ. ನಾನು ಮೊದಲ ಪೆಟ್ರೋಲ್ ಬಂಕಿನಲ್ಲೇ ಭಾವನ ಮಫ್ಲರ್ ಕಿತ್ತುಕೊಂಡೆ.

ಬಂಕಿನಲ್ಲಿ ಇನ್ನೊಂದು ವಿಷಯ. ಅಲ್ಲಿ ಈಗ ಮಾಮೂಲಿ ಪೆಟ್ರೋಲಿಗೆ 10 ಪರ್ಸೆಂಟ್‌ವರೆಗೆ ಎಥನಾಲ್ ಬೆರೆಸುತ್ತಾರೆ, 2021ರಿಂದ. ಹಳೇ ಕಾರಿನ ರಬ್ಬರ್ ಪೈಪು, ಸೀಲುಗಳಿಗೆ ಅದು ಆಗಿಬರುವುದಿಲ್ಲ. ಭಾವ ದುಡ್ಡು ಜಾಸ್ತಿಯಾದರೂ ಇ5 ಅನ್ನುವ ಸೂಪರ್ ಪೆಟ್ರೋಲೇ ಹಾಕಿಸುತ್ತಾರೆ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯೂ ಕಡ್ಡಾಯ ಅಲ್ಲ. ಆದರೂ ಭಾವ ಪ್ರತಿ ವರ್ಷ ತಪಾಸಣೆ ಮಾಡಿಸುತ್ತಾರೆ. "ಪಕ್ಕದ ಸೀಟಲ್ಲಿ ನಿಮ್ಮಕ್ಕ ಕೂತ್ಕೋತಾಳಲ್ಲ" ಅಂದರು.

ಬರ್ಫರ್ಡ್ ಊರಿನ ಮುಖ್ಯ ಬೀದಿ ಇಡೀ ಒಂದು ಇಳಿಜಾರು. ಮೇಲಿನಿಂದ ಹೊರಟರೆ ಜೇನಿನ ಬಣ್ಣದ ಕಲ್ಲಿನ ಮನೆಗಳ ನಡುವೆ ಜಾರುತ್ತಾ ಕೆಳಗೆ ವಿಂಡ್‌ರಷ್ ನದಿಯ ಹಳೇ ಕಲ್ಲು ಸೇತುವೆಗೆ ಬರುತ್ತೀರಿ. ಸೇತುವೆ ಕಿರಿದು, ಒಂದು ಕಡೆಯವರು ನಿಂತು ಇನ್ನೊಂದು ಕಡೆಯವರನ್ನು ಬಿಡಬೇಕು. ಆ ಬೀದಿಯಲ್ಲೇ ಕಾಫಿ ಕುಡಿದೆವು. ನಮ್ಮ ಫಿಲ್ಟರ್ ಕಾಫಿ ಮುಂದೆ ಏನೂ ಅಲ್ಲ, ಆದರೆ ಬಿಸಿ ಇತ್ತು.

ಫೋನಿನ ಮ್ಯಾಪ್ ಇಲ್ಲಿಗೇ ಮುಗಿಯಿತು. ಚಾರ್ಜಿಗೆ ಹಾಕೋಣ ಅಂದರೆ ಭಾವ ಕೈ ಅಡ್ಡ ಹಿಡಿದರು. ಆ ಕಾಲದ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಕಾರಿನ ಲೋಹದ ಮೈಗೆ ಕೂಡಿಸಿರುತ್ತಾರೆ, ಈಗಿನ ಕಾರುಗಳಿಗೆ ಪೂರ್ತಿ ಉಲ್ಟಾ. ಮಾಮೂಲಿ ಚಾರ್ಜರ್ ಹಾಕಿದರೆ ಸುಟ್ಟೇ ಹೋಗಬಹುದು. ಅಲ್ಲಿಂದ ಮುಂದೆ ತೊಡೆ ಮೇಲೆ ಕಾಗದದ ನಕ್ಷೆ ಹರಡಿಕೊಂಡು, ಗಾಳಿಗೆ ಹಾರದ ಹಾಗೆ ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ನಾನೇ ದಾರಿ ಹೇಳಿದೆ.

ಸ್ಟೋ-ಆನ್-ದ-ವೋಲ್ಡ್ ಬೆಟ್ಟದ ಮೇಲಿನ ಊರು. ಇನ್ನೇನು ಎರಡು ಮೈಲಿ ಅನ್ನುವಾಗ ಮಳೆ ಶುರುವಾಯಿತು. ಓಡುತ್ತಿದ್ದರೆ ಹನಿ ಗಾಜಿನ ಮೇಲಿಂದ ಹಾರಿ ತಲೆ ದಾಟಿ ಹಿಂದಕ್ಕೆ ಹೋಗುತ್ತದೆ, ನಾವು ನೆನೆಯುವುದೇ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ ನಾನು ಕೈ ಮೇಲೆತ್ತಿ ಮಳೆ ಮುಟ್ಟುತ್ತಿದ್ದೆ. ಅಷ್ಟರಲ್ಲಿ ಕೆಂಪು ಸಿಗ್ನಲ್. ನಿಂತ ಮರುಕ್ಷಣ ಎಲ್ಲಾ ನೀರೂ ನಮ್ಮ ಮೇಲೆ. ಪಕ್ಕಕ್ಕೆ ಹಾಕಿಕೊಂಡು ಟಾಪ್ ಕಟ್ಟಲು ಶುರು ಮಾಡಿದೆವು. ಇದು ಮಡಚುವ ಟಾಪ್ ಅಲ್ಲ. ಡಿಕ್ಕಿಯಿಂದ ಕಂಬಿ ತೆಗೆದು ತೂತಿಗೆ ಸಿಕ್ಕಿಸಬೇಕು, ಬಟ್ಟೆ ಹಾಸಬೇಕು, ಮುಂದೆ ಗಾಜಿನ ಚೌಕಟ್ಟಿಗೆ ಎಳೆದು ಕೂರಿಸಬೇಕು, ಆಮೇಲೆ ಸುತ್ತ ಗುಂಡಿ. ಒದ್ದೆ ಬಟ್ಟೆ ಬಿಗಿಯಾಗಿ ಕೊನೇ ಗುಂಡಿ ಕೂರಲೇ ಇಲ್ಲ. ಹೋಗುವ ಮುಂಚೆ ಮನೆಯಲ್ಲಿ ಒಣಗಿರುವಾಗ ಎರಡು ಸಲ ಅಭ್ಯಾಸ ಮಾಡಿಕೊಳ್ಳಬೇಕು, ಅದೊಂದು ಬುದ್ಧಿ ಬಂತು. ಚೌಕದ ಪಬ್ಬಿನಲ್ಲಿ ಬೆಂಕಿಯ ಪಕ್ಕ ಕೂತು ಬ್ರೆಡ್ಡು, ಚೆಡ್ಡಾರ್ ಚೀಸ್, ಉಪ್ಪಿನಕಾಯಿ ಹಾಕಿದ ಈರುಳ್ಳಿ ತಿಂದೆವು. ಪ್ಲೌಮನ್ಸ್ ಅಂತಾರೆ, ಅಂದರೆ ಉಳುವವನ ಊಟ. ಮಾಂಸ ತಿನ್ನದವರಿಗೆ ಇದು ಎಲ್ಲಾ ಕಡೆ ಸಿಗುತ್ತದೆ, ಹ್ಯಾಮ್ ಬೇಡ ಅಂತ ಮೊದಲೇ ಹೇಳಿಬಿಡಿ.

ಮಳೆ ಬಿಟ್ಟಿತು. ದಾರಿಯಲ್ಲಿ ಬರುವ ಫಿಶ್ ಹಿಲ್ ಅನ್ನುವ ಗುಡ್ಡ ಇನ್ನೂ ಮುಂದಿತ್ತು, ಗೌರಿ ಒಂದು ಸಲ ಕೆಮ್ಮಿದಳು. ಮತ್ತೊಂದು ಸಲ. ಭಾವ ಎಕ್ಸಲೇಟರ್ ಒತ್ತಿದರೂ ಎಳೆತವಿಲ್ಲ. ರಸ್ತೆ ಪಕ್ಕದ ಜಾಗಕ್ಕೆ ಉರುಳಿಕೊಂಡು ಹೋಗಿ ನಿಂತೆವು. ಕೀ ತಿರುಗಿಸಿದರೆ ದೀಪ ಉರಿಯಿತು. ಇಬ್ಬರೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು. ಸದ್ದಿಲ್ಲ. ಬೆಳಗ್ಗೆ ಕೇಳಿದ ಆ ಟಕಟಕ ಇಲ್ಲ.

ಐದು ನಿಮಿಷವೂ ಆಗಿರಲಿಲ್ಲ, ಕೆಂಪು ಟ್ರಯಂಫ್ ಸ್ಪಿಟ್‌ಫೈರ್ ಕಾರೊಂದು ಬಂದು ಹಿಂದೆ ನಿಂತಿತು. ಇಳಿದವರು ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ, ಒಬ್ಬರೇ. ಏನಾಯಿತು ಅಂತ ಕೇಳಲೇ ಇಲ್ಲ. "ಪಂಪ್ ಮಾತಾಡುತ್ತಿದೆಯಾ?" ಅಂದರು. ಇಲ್ಲ ಅಂದೆವು. ತಮ್ಮ ಡಿಕ್ಕಿಯಿಂದ ಮರದ ಹಿಡಿಯ ದೊಡ್ಡ ಸ್ಕ್ರೂಡ್ರೈವರ್ ತಂದು ನನ್ನ ಕೈಗೆ ಕೊಟ್ಟರು. "ಹಿಂದಿನ ಬಲ ಚಕ್ರದ ಮುಂದೆ, ಕೆಳಗೆ ಇರುತ್ತದೆ. ಹಿಡಿಯ ಕಡೆಯಿಂದ ಒಂದು ಪೆಟ್ಟು. ಮೆಲ್ಲಗೆ, ಬಾಗಿಲು ತಟ್ಟುವ ಹಾಗೆ." ಒದ್ದೆ ಹುಲ್ಲಿನ ಮೇಲೆ ಮಲಗಿ ಕೈ ತೂರಿಸಿದೆ. ಬೆರಳಿಗೆ ತಣ್ಣಗಿನ ಒಂದು ಡಬ್ಬಿ ಸಿಕ್ಕಿತು. ತಟ್ಟಿದೆ. ಏನಿಲ್ಲ. ಇನ್ನೊಮ್ಮೆ ತಟ್ಟಿದೆ. ಟಕಟಕಟಕಟಕ! ನನ್ನ ಬೆರಳ ತುದಿಯಲ್ಲೇ ಅದು ಜೀವ ಬಂದ ಹಾಗೆ ಮಿಡಿಯಿತು. ಆ ಕ್ಷಣ ಈಗಲೂ ಕೈಯಲ್ಲಿದೆ.

ಆ ಅಮ್ಮನೂ ಮಾಲ್ವರ್ನ್‌ಗೇ ಹೊರಟವರು. ಅವರ ಸ್ಪಿಟ್‌ಫೈರ್‌ನಲ್ಲಿ ಪಂಪನ್ನು ಎಂಜಿನ್ನೇ ಓಡಿಸುತ್ತದೆ, ಹಾಗಾಗಿ ಈ ತೊಂದರೆ ಇಲ್ಲ. ಮತ್ತೆ ಆ ಸ್ಕ್ರೂಡ್ರೈವರ್ ಯಾಕೆ ಅಂದರೆ, "ದಾರಿಯಲ್ಲಿ ಯಾವಾಗಲೂ ಎಂಜಿಗಳು ಸಿಗುತ್ತವಲ್ಲ" ಅಂದರು.

ಫಿಶ್ ಹಿಲ್ ತುದಿಯಲ್ಲಿ ಬ್ರಾಡ್‌ವೇ ಟವರ್ ಇದೆ. 1798ರ ಸುಮಾರಿಗೆ ಕಟ್ಟಿದ್ದು, 20 ಮೀಟರ್ ಎತ್ತರ. ಕೋಟೆಯ ಹಾಗೆ ಕಾಣುತ್ತದೆ, ಕಟ್ಟಿಸಿದ್ದು ಚೆಂದಕ್ಕೆ ಮಾತ್ರ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಬಯಲಿನ ಆಚೆ ನೀಲಿ ಗೆರೆಯ ಹಾಗೆ ಮಾಲ್ವರ್ನ್ ಬೆಟ್ಟಸಾಲು. ನಾಳೆ ಹೋಗಬೇಕಾದ ಜಾಗವನ್ನು ಇಂದೇ ಕಣ್ಣಲ್ಲಿ ಮುಟ್ಟಿದ ಹಾಗಾಯಿತು. ಇಳಿಜಾರಿನಲ್ಲಿ ಭಾವ ಬ್ರೇಕಿಗಿಂತ ಗೇರನ್ನೇ ಜಾಸ್ತಿ ನೆಚ್ಚಿಕೊಂಡು ಇಳಿಸಿದರು. ರಾತ್ರಿ ಈವ್‌ಶಮ್ ಹತ್ತಿರದ ಒಂದು ಸಣ್ಣ ಮನೆಯಲ್ಲಿ ಉಳಿದೆವು. ಇಂಥ ಕಾರಿನಲ್ಲಿ ಹೋಗುವವರು ರೂಮು ಹೇಗಿದೆ ಅಂತ ಕೇಳುವ ಮುಂಚೆ ಗಾಡಿ ನಿಲ್ಲಿಸಲು ಅಂಗಳ ಇದೆಯಾ ಅಂತ ಕೇಳಿಕೊಳ್ಳಿ.

ಶನಿವಾರ: ಬಾನೆಟ್‌ಗಳ ಊರು

ಈವ್‌ಶಮ್ ಕಣಿವೆ ಆಸ್ಪ್ಯಾರಗಸ್ ಅನ್ನುವ ತರಕಾರಿಗೆ ಹೆಸರುವಾಸಿ, ಮೇ ತಿಂಗಳು ಅದರ ಸುಗ್ಗಿ. ರಸ್ತೆ ಪಕ್ಕ ಒಂದು ಮೇಜು, ಮೇಲೆ ಕಟ್ಟುಗಳು, ಪಕ್ಕದಲ್ಲಿ ದುಡ್ಡು ಹಾಕಲು ತಗಡಿನ ಡಬ್ಬಿ. ಮಾರುವವರು ಯಾರೂ ಇಲ್ಲ. ಅದಕ್ಕಾಗಿ ಚಿಲ್ಲರೆ ಇಟ್ಟುಕೊಂಡಿರಬೇಕು. ಅಕ್ಕನಿಗೆ ಅಂತ ಒಂದು ಕಟ್ಟು ತಗೊಂಡು ಸೀಟಿನ ಹಿಂದೆ ಇಟ್ಟೆವು.

ಬೆಟ್ಟದ ಬುಡದ ಹುಲ್ಲುಗಾವಲಿಗೆ ಬಂದಾಗ ಹತ್ತು ಗಂಟೆ. ಆಗಲೇ ಅರವತ್ತರ ಮೇಲೆ ಕಾರುಗಳಿದ್ದವು. ನಾನು ಸಾಲಾಗಿ ನಿಂತ ಹೊಳೆಯುವ ಕಾರುಗಳನ್ನು, ದೂರದಿಂದ ನೋಡುವ ಜನರನ್ನು ಊಹಿಸಿಕೊಂಡಿದ್ದೆ. ಕಂಡದ್ದೇ ಬೇರೆ. ಅರ್ಧ ಕಾರುಗಳ ಬಾನೆಟ್ ಎತ್ತಿತ್ತು, ಪ್ರತಿ ಬಾನೆಟ್ಟಿನ ಕೆಳಗೆ ಮೂರ್ನಾಲ್ಕು ಬೆನ್ನುಗಳು. ಮದುವೆ ಮನೆಯ ಅಡುಗೆ ಕೋಣೆ ಇರುತ್ತದಲ್ಲ, ಹಾಗಿತ್ತು. ಎಲ್ಲರ ಕೈಗೂ ಏನೋ ಒಂದು ಕೆಲಸ.

ಎಲ್ಲಾ ಕಾರುಗಳ ಬಗ್ಗೆ ಬರೆದರೆ ಮುಗಿಯುವುದಿಲ್ಲ. ಒಂದು ಎಂಜಿಎ ಇತ್ತು, ಗೌರಿಯ ಅಕ್ಕ ಅನ್ನಬಹುದು, 1955ರಿಂದ 1962ರವರೆಗೆ ಬಂದ ಮಾದರಿ. ಅದರ ಬಾಗಿಲಿಗೆ ಹೊರಗಿನಿಂದ ಹಿಡಿಯೇ ಇಲ್ಲ, ಇಳಿಸಿ ಏರಿಸುವ ಗಾಜೂ ಇಲ್ಲ. ಒಳಗೆ ಕೈ ಹಾಕಿ ಹಗ್ಗ ಎಳೆದರೆ ತೆರೆಯುತ್ತದೆ. ಹಳಬರ ಪ್ರಕಾರ ನಿಜವಾದ ರೋಡ್‌ಸ್ಟರ್ ಅಂದರೆ ಅದೇ. ಎಂಜಿಬಿಗೆ ಏರಿಸುವ ಗಾಜು ಬಂದಾಗ ಕೆಲವರು ಮುಖ ಗಂಟಿಕ್ಕಿಕೊಂಡರಂತೆ. ಮಳೆಯಲ್ಲಿ ನೆನೆದು ಬಂದ ನನಗೆ ಆ ಗಾಜು ಇದ್ದದ್ದೇ ಒಳ್ಳೆಯದು ಅನ್ನಿಸಿತು. ಆಸ್ಟಿನ್-ಹೀಲಿಗಳು, ಟ್ರಯಂಫ್ ಟಿಆರ್6ಗಳು ಇದ್ದವು. ನಾಲ್ಕೈದು ಮಜ್ದಾ ಎಂಎಕ್ಸ್-5 ಕೂಡ, 1989ರಲ್ಲಿ ಜಪಾನಿನವರು ತಂದ ಕಾರು. ಅವುಗಳನ್ನು ಯಾರೂ ಹೊರಗಿನವು ಅನ್ನಲಿಲ್ಲ. ನನಗೆ ಅದು ತುಂಬಾ ಹಿಡಿಸಿತು.

ನಮ್ಮ ಸ್ಪಿಟ್‌ಫೈರ್ ಅಮ್ಮ ಆಗಲೇ ಬಂದಿದ್ದರು. ಅವರ ಕಾರಿನ ಇಡೀ ಮೂತಿಯೇ, ಮಡ್‌ಗಾರ್ಡ್ ಸಮೇತ, ಮುಂದಕ್ಕೆ ಎತ್ತಿಕೊಳ್ಳುತ್ತದೆ. ಅವರು ಮುಂದಿನ ಚಕ್ರದ ಮೇಲೆ ಜಗಲಿ ಮೇಲೆ ಕೂತ ಹಾಗೆ ಕೂತು ಟೀ ಕುಡಿಯುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ ಕೂಗಿದರು, "ಪಂಪಿನವರು ಬಂದರು!" ಅಷ್ಟೇ ಸಾಕಾಯಿತು.

ನೀಲಿ ಕೋಟಿನ ಒಬ್ಬರು ಹಳೇ ಚರ್ಮದ ಚೀಲ ಹಿಡಿದು ಬಂದರು. ಹುಲ್ಲಿನ ಮೇಲೆ ಗೋಣಿ ಹಾಸಿಕೊಂಡು, ಜಾಕ್ ಹಾಕಿ, ಚಕ್ರ ಬಿಚ್ಚಲು ಹೇಳಿದರು. ಗೌರಿಯದು ಕಡ್ಡಿ ಚಕ್ರ, ಸೈಕಲ್ಲಿನ ಹಾಗೆ. ಬೋಲ್ಟ್ ಇಲ್ಲ, ನಡುವೆ ಎರಡು ಕಿವಿ ಇರುವ ಒಂದೇ ದೊಡ್ಡ ನಟ್ಟು. ತಾಮ್ರದ ಸುತ್ತಿಗೆಯಿಂದ ಆ ಕಿವಿಗೆ ಹೊಡೆದು ಬಿಚ್ಚುವುದು. ಎಡಕ್ಕೂ ಬಲಕ್ಕೂ ನಟ್ಟಿನ ತಿರುಪು ಬೇರೆ ಬೇರೆ: ಕಾರು ಮುಂದಕ್ಕೆ ಹೋಗುವಾಗ ಚಕ್ರ ಯಾವ ಕಡೆ ತಿರುಗುತ್ತದೋ ಆ ಕಡೆ ಹೊಡೆದರೆ ಬಿಚ್ಚುತ್ತದೆ. ಭಾವ ಮೊದಲ ಏಟು ಹೊಡೆಯಲು ನನಗೇ ಬಿಟ್ಟರು.

ಆಮೇಲೆ ಆ ನೀಲಿ ಕೋಟಿನವರು ಪಂಪಿನ ತುದಿಯ ಕರಿ ಮುಚ್ಚಳ ತೆಗೆದರು. ಒಳಗೆ ಎರಡು ಸಣ್ಣ ಲೋಹದ ಚುಕ್ಕೆಗಳು, ಹೆಸರುಕಾಳಿಗಿಂತ ಚಿಕ್ಕವು, ಒಂದರ ಎದುರು ಒಂದು. ಅವು ಮುಟ್ಟಿದಾಗ ಕರೆಂಟು ಹರಿದು ಒಳಗಿನ ಅಯಸ್ಕಾಂತ ಪೊರೆಯನ್ನು ಎಳೆಯುತ್ತದೆ, ಎಳೆದ ಕೂಡಲೇ ಚುಕ್ಕೆಗಳು ಬಿಡುತ್ತವೆ, ಸ್ಪ್ರಿಂಗು ಪೊರೆಯನ್ನು ವಾಪಸ್ ತಳ್ಳಿ ಪೆಟ್ರೋಲು ಮುಂದೆ ಹೋಗುತ್ತದೆ. ಒಂದು ಟಕ್ ಅಂದರೆ ಇಷ್ಟೆಲ್ಲ. ಪ್ರತಿ ಸಲ ಬಿಡುವಾಗ ಸಣ್ಣ ಕಿಡಿ ಹಾರಿ ಚುಕ್ಕೆ ಕಪ್ಪಾಗುತ್ತಾ ಬರುತ್ತದೆ. ಗಾಡಿ ಜಾಸ್ತಿ ದಿನ ನಿಂತರೂ ಅಷ್ಟೇ, ಕಿಲುಬು ಹಿಡಿಯುತ್ತದೆ. ಗೌರಿ ಇಡೀ ಚಳಿಗಾಲ ನಿಂತಿದ್ದಳು.

ಅವರು ಜೇಬಿನಿಂದ ಗಟ್ಟಿ ಕಾಗದದ ಒಂದು ಪಟ್ಟಿ ತೆಗೆದು ಎರಡು ಚುಕ್ಕೆಗಳ ನಡುವೆ ಇಟ್ಟು ಮೆಲ್ಲಗೆ ಎಳೆದರು. ಕಾಗದದ ಮೇಲೆ ಕಾಡಿಗೆಯಂಥ ಗೆರೆ. ಇನ್ನೊಂದು ಸಲ ಎಳೆದರು, ಗೆರೆ ತೆಳುವಾಯಿತು. ಏಳನೇ ಸಲ ಕಾಗದ ಬಿಳಿಯಾಗೇ ಹೊರಗೆ ಬಂತು. ಇಷ್ಟೇ ರಿಪೇರಿ. ದುಡ್ಡಿನ ಮಾತೆತ್ತಿದರೆ ತಲೆ ಅಲ್ಲಾಡಿಸಿದರು. ಪುಳಿಯೋಗರೆ ಡಬ್ಬಿ ತೆಗೆದೆ. ಕಡಲೆಬೀಜ ಇದೆ, ಸ್ವಲ್ಪ ಖಾರ ಅಂತ ಹೇಳಿಯೇ ಕೊಟ್ಟೆ. ಗ್ರೀಸಿನ ಕೈ ಒರೆಸಿಕೊಂಡು ಡಬ್ಬಿಯ ಮುಚ್ಚಳದಲ್ಲಿ ಹಾಕಿಸಿಕೊಂಡು ತಿಂದರು, ಎರಡನೇ ಸಲವೂ ಹಾಕಿಸಿಕೊಂಡರು.

ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಒಬ್ಬ ಹುಡುಗ, ಇಪ್ಪತ್ತೆರಡು ಇರಬಹುದು, ತಾತ ಬಿಟ್ಟುಹೋದ ಕಾರು ತಂದಿದ್ದ. ಕಾರ್ಬೊರೇಟರಿನ ಮೇಲಿನ ಹಿತ್ತಾಳೆ ಮುಚ್ಚಳ ಬಿಚ್ಚಿ ಎಣ್ಣೆ ಹಾಕಬೇಕು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ಆರು ಜನ ಸುತ್ತ ನಿಂತು, ಎಷ್ಟು ಎಣ್ಣೆ, ಯಾವ ಎಣ್ಣೆ ಅಂತ ಚರ್ಚೆ ಮಾಡಿ ಹೇಳಿಕೊಟ್ಟರು. ಈ ಕಾರುಗಳು ಅರವತ್ತು ವರ್ಷ ಹೇಗೆ ಓಡುತ್ತಿವೆ ಅಂತ ನನಗಿದ್ದ ಪ್ರಶ್ನೆಗೆ ಉತ್ತರ ಆ ಆರು ಜನರ ಬಗ್ಗಿದ ಬೆನ್ನುಗಳಲ್ಲೇ ಇತ್ತು.

ಭಾನುವಾರ: ಬೆಟ್ಟ, ಮರದ ಕಾರು, ಮನೆ

ಬೆಳಗ್ಗೆ ಬೇಗ ಎದ್ದು ವುಸ್ಟರ್‌ಶೈರ್ ಬೀಕನ್ ಹತ್ತಿದೆವು. 425 ಮೀಟರ್, ಈ ಸಾಲಿನ ಎತ್ತರದ ತುದಿ. ಮರವಿಲ್ಲದ ಹುಲ್ಲಿನ ಬೆನ್ನು, ನಮ್ಮ ಬಾಬಾಬುಡನ್‌ಗಿರಿಯನ್ನು ಗಿಡ್ಡ ಮಾಡಿದ ಹಾಗೆ. ಒಂದು ಕಡೆ ಸೆವರ್ನ್ ನದಿಯ ಚಪ್ಪಟೆ ಬಯಲು, ಇನ್ನೊಂದು ಕಡೆ ಏರಿಳಿಯುವ ಹೆರೆಫರ್ಡ್‌ಶೈರ್. ಗಾಳಿ ಎಷ್ಟಿತ್ತು ಅಂದರೆ ಮಾತಾಡಲು ಆಗಲಿಲ್ಲ.

ಇಳಿದು ಬರುವಾಗ ಮಾಲ್ವರ್ನ್ ಲಿಂಕ್‌ನಲ್ಲಿ ಮಾರ್ಗನ್ ಕಾರ್ಖಾನೆಯ ಮುಂದೆ ಐದು ನಿಮಿಷ ನಿಂತೆವು. ಕೆಂಪು ಇಟ್ಟಿಗೆಯ ಕಟ್ಟಡಗಳು. ಇವರು ಇವತ್ತಿಗೂ ಕಾರಿನ ಬಾಡಿಯ ಒಳಚೌಕಟ್ಟನ್ನು ಆ್ಯಶ್ ಮರದಲ್ಲೇ ಮಾಡುತ್ತಾರೆ. ಹಿಂದಿನ ದಿನ ಒಬ್ಬರು ತಮ್ಮ ಮಾರ್ಗನ್ನಿನ ಬಾಗಿಲ ಒಳಪಟ್ಟಿ ತೆಗೆದು ತೋರಿಸಿದ್ದರು. ಮೂಸಿ ನೋಡಿದರೆ ಹಳೇ ಮರದ ಪೆಟ್ಟಿಗೆಯ ವಾಸನೆ. ಆಬಿಂಗ್ಡನ್‌ನಲ್ಲಿ ಮುಚ್ಚಿಹೋದ ಕಾರ್ಖಾನೆಯ ಜಾಗ ನೋಡಿ ಬಂದವನಿಗೆ ಈ ಗೇಟಿನ ಮುಂದೆ ನಿಂತಾಗ ಸಮಾಧಾನವಾಯಿತು.

ವಾಪಸ್ ಬರುವಾಗ ಟ್ಯೂಕ್ಸ್‌ಬರಿ, ವಿಂಚ್‌ಕೂಮ್ ದಾರಿ ಹಿಡಿದೆವು. ನಾನು ನಕ್ಷೆ ತಪ್ಪಾಗಿ ಓದಿ ಎರಡು ಕಡೆ ಬೇಲಿ ಮುತ್ತಿದ ಓಣಿಗೆ ಕರೆದುಕೊಂಡು ಹೋದೆ, ಎದುರಿಗೆ ಟ್ರ್ಯಾಕ್ಟರು. ಕಾಲು ಮೈಲಿ ರಿವರ್ಸ್. ಟ್ರ್ಯಾಕ್ಟರಿನ ರೈತ ಬೈಯಲಿಲ್ಲ, ಪಕ್ಕಕ್ಕೆ ಬಂದಾಗ ಎಂಜಿನ್ ಆರಿಸಿ, "ನಮ್ಮಪ್ಪನ ಹತ್ತಿರ ಇಂಥದೇ ಇತ್ತು, ನಾನು ಹುಟ್ಟಿದಾಗ ಮಾರಿದರು" ಅಂದ. ಎರಡೇ ಸೀಟು, ಮಗು ಬಂತು, ಮಾರಬೇಕಾಯಿತು. ಅವನು ಸ್ವಲ್ಪ ಹೊತ್ತು ಸ್ಟೇರಿಂಗ್ ಚಕ್ರವನ್ನೇ ನೋಡುತ್ತಿದ್ದ. ಭಾವ ಇಳಿದು, ಕೂತು ನೋಡಿ ಅಂದರು. ಕೆಸರು ಬೂಟು ಬಿಚ್ಚಿಟ್ಟು, ಸಾಕ್ಸಿನ ಕಾಲಲ್ಲೇ ಕೂತ.

ಸಂಜೆ ಆರಕ್ಕೆ ಡಿಡ್‌ಕಾಟ್. ಅಕ್ಕ ಆಸ್ಪ್ಯಾರಗಸ್‌ಗೆ ಕಾಯಿತುರಿ ಹಾಕಿ ಪಲ್ಯ ಮಾಡಿದಳು, ಬೀನ್ಸ್ ಪಲ್ಯದ ಥರವೇ, ಚೆನ್ನಾಗಿತ್ತು.

ಎರಡು ದಿನ ಬಿಟ್ಟು ನನ್ನ ವಿಮಾನ. ಹೊರಡುವ ಬೆಳಗ್ಗೆ ಗ್ಯಾರೇಜಿಗೆ ಹೋದೆ. ಭಾವ ಹಿಂದೆಯೇ ಬಂದು, ಏನೂ ಕೇಳದೆ ಕೀ ಕೊಟ್ಟರು. ಸೀಟಿನಲ್ಲಿ ಕೂತು ತಿರುಗಿಸಿದೆ. ಟಕಟಕಟಕಟಕ... ಟಕ್... ಟಕ್... ನಿಂತಿತು. ಸೆಲ್ಫ್ ಹೊಡೆಯಲಿಲ್ಲ. ಕೀ ತೆಗೆದು ಅವರ ಕೈಗೆ ಕೊಟ್ಟೆ.